ಯಾರೂ ಔಟ್ ಇಲ್ವಾ ಅಪ್ಪಾ?

ಈಸ್ಟರ್ ರಜೆಗೆ ತುಮಕೂರಿಗೆ ಬಂದಿದ್ದೆವು. ಬಟವಾಡಿಯಲ್ಲಿ ಅಕ್ಕನ ಮನೆ ಹತ್ತಿರ ಮಕ್ಕಳ ಬೇಸಿಗೆ ಶಿಬಿರ. ಹಾಡಿನ ನಾಟಕಕ್ಕೆ ಹುಡುಗರನ್ನು ಆರಿಸುತ್ತಾರೆ ಅಂತ ಅಕ್ಕನ ಮಗನ ಜೊತೆ ನನ್ನ ಒಂಬತ್ತು ವರ್ಷದ ಮಗಳೂ ಹೊರಟಳು. ಕಾವಲಿಗೆ ನಾನು. ಒಂದೂವರೆ ಗಂಟೆ ನೋಡಿ ನೋಡಿ ಅವಳು ನನ್ನ ಕಿವಿಯಲ್ಲಿ ಕೇಳಿದಳು: "ಇಲ್ಲಿ ಯಾರೂ ಔಟ್ ಇಲ್ವಾ ಅಪ್ಪಾ?"

ಸ್ವಲ್ಪ ಚುಚ್ಚಿತು. ಯಾಕೆಂದರೆ ಅವಳು ಔಟ್ ಆದವಳು. ನಾವಿರುವ ಮ್ಯಾಂಚೆಸ್ಟರ್‌ಗೆ ಹೋದ ವರ್ಷ ಒಂದು ಸಂಚಾರಿ ನಾಟಕ ಕಂಪನಿ ಬಂದಿತ್ತು. ದೊಡ್ಡವರ ಪಾತ್ರಕ್ಕೆ ಅವರದೇ ಜನ, ಮಕ್ಕಳ ಪಾತ್ರಕ್ಕೆ ಮಾತ್ರ ಆಯಾ ಊರಿನ ಮಕ್ಕಳು. ಮಳೆಯಲ್ಲಿ ಸಾಲು ನಿಂತೆವು. ಎದೆಗೆ ನಂಬರ್ ಅಂಟಿಸಿದರು. ಒಳಗೆ ಪಿಯಾನೊ, ಮೇಜಿನ ಹಿಂದೆ ಮೂವರು. ಒಂದು ಹಾಡಿನ ಹದಿನಾರು ಬಾರ್, ಅಂದರೆ ಅರ್ಧ ನಿಮಿಷ. ನಗುನಗುತ್ತಾ ಥ್ಯಾಂಕ್ಯೂ ಅಂದರು. ವಾರ ಬಿಟ್ಟು ಮೇಲ್ ಬಂತು, ತುಂಬಾ ಮರ್ಯಾದೆಯಿಂದ ಬರೆದಿದ್ದರು. ಆ ಮರ್ಯಾದೆಗೇ ನನಗೆ ಸಿಟ್ಟು ಬಂದಿದ್ದು.

ಇಲ್ಲಿ ಹಾರ್ಮೋನಿಯಂ ಮೇಷ್ಟ್ರು ನೆಲದ ಮೇಲೆ ಕೂತಿದ್ದರು. ಮಕ್ಕಳು ಸುತ್ತ, ತಾಯಂದಿರು ಬಾಗಿಲಲ್ಲಿ. ಯಾವ ಹಾಡು ಬರುತ್ತೋ ಅದನ್ನೇ ಹಾಡಿಸಿದರು. ಒಬ್ಬಳು ಸ್ಕೂಲ್ ಪ್ರೇಯರ್ ಹಾಡಿದಳು, ಇನ್ನೊಬ್ಬ ಟೀವಿ ಜಾಹೀರಾತು. ಹುಡುಗರ ಶ್ರುತಿ ಎತ್ತ ಹೋದರೆ ಮೇಷ್ಟ್ರ ಬೆರಳೂ ಅತ್ತ. ಒಬ್ಬ ಸಣ್ಣವನು ಬಾಯಿಯೇ ಬಿಡಲಿಲ್ಲ, ಚಡ್ಡಿಯ ಅಂಚು ತಿರುಚುತ್ತಾ ನಿಂತ. ಅವನಮ್ಮ ಬಾಗಿಲಿಂದಲೇ ಗದರಿದರು. ಮೇಷ್ಟ್ರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿ, "ಕೋಳಿ ಕೂಗೋದು ಬರುತ್ತೇನೋ ಮಗ?" ಅಂದರು.

ಕೂಗಿದ ನೋಡಿ! ಹೊರಗೆ ಮಲಗಿದ್ದ ನಾಯಿ ಎದ್ದು ನಿಂತಿತು.

"ಸರಿ. ನೀನು ಕೂಗಿದ್ರೇನೇ ನಮ್ಮ ನಾಟಕದಲ್ಲಿ ಬೆಳಗಾಗೋದು. ದಿನಾ ತಪ್ಪಿಸ್ದೆ ಬಾ."

ನನ್ನ ಮಗಳು ಪ್ರದರ್ಶನದ ಹೊತ್ತಿಗೆ ಊರಲ್ಲಿ ಇರುವುದಿಲ್ಲ ಅಂತ ಗೊತ್ತಿದ್ದೂ ಅವಳನ್ನು ಅಳಿಲು ಮಾಡಿದರು. ನಾಲ್ಕು ಅಳಿಲು ಇದ್ದವು, ಐದಾದವು. ಅಷ್ಟೇ.

ಗುಬ್ಬಿ ಇಲ್ಲಿಂದ ಇಪ್ಪತ್ತು ಕಿಲೋಮೀಟರ್. 1884ರಲ್ಲಿ ಶುರುವಾದ ಅಲ್ಲಿನ ಕಂಪನಿಗೆ ವೀರಣ್ಣನವರು ಸೇರಿದ್ದು ಚಿಕ್ಕ ಹುಡುಗನಾಗಿ. ಬಿ.ವಿ. ಕಾರಂತರು ಮನೆ ಬಿಟ್ಟು ಓಡಿಬಂದು ಸೇರಿದ್ದೂ ಅದೇ ಕಂಪನಿಗೆ. ಅವರ ಎದೆಗೆ ಯಾರಾದರೂ ನಂಬರ್ ಅಂಟಿಸಿದ್ದರಾ? ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಜೋರಾಗಿ ಹೇಳಿದೆ. ಅಕ್ಕ ಮುದ್ದೆ ಮುರಿಯುತ್ತಾ ಕೇಳಿಸಿಕೊಂಡಳು. ಆಮೇಲೆ, "ರಾಜಕುಮಾರಿ ಪಾರ್ಟು ಯಾರಿಗೆ ಕೊಟ್ರು ಅಂತ ನೋಡಿದ್ಯೇನೋ?" ಅಂದಳು.

ನೋಡಿದ್ದೆ. ಆ ಹುಡುಗಿಗೆ ಹಾಡು ಬರುತ್ತಿರಲಿಲ್ಲ. ಚೆನ್ನಾಗಿ ಹಾಡಿದ ಎರಡು ಜಡೆಯ ಹುಡುಗಿಯನ್ನು ಹಿಂದಿನ ಮೇಳಕ್ಕೆ ಹಾಕಿದ್ದರು.

"ಶಾಮಿಯಾನ ಅವರಪ್ಪಂದು ಕಣೋ."

ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡುವಾಗ ದುರ್ಯೋಧನನ ಪಾತ್ರ ಬೇಕಾದವನು ಜಾಸ್ತಿ ದುಡ್ಡು ಕಟ್ಟಬೇಕು, ಗೊತ್ತಲ್ಲ. ಅದಾದರೂ ಎಲ್ಲರ ಎದುರಿಗೇ ನಡೆಯುವ ವ್ಯವಹಾರ. ಇದು ಹಾಗಲ್ಲ. ಹೇಳಲೇಬೇಕು ಅಂದರೆ, ಮ್ಯಾಂಚೆಸ್ಟರ್‌ನ ಆ ಮೂವರು ನಾನು ಯಾರು, ಏನು ಕೆಲಸ ಅಂತ ಕೇಳಲಿಲ್ಲ. ಆಯ್ಕೆಯಾದ ಮಕ್ಕಳನ್ನು ಎರಡು ಮೂರು ತಂಡ ಮಾಡಿ ಸರದಿ ಮೇಲೆ ಆಡಿಸುತ್ತಾರೆ. ಕೌನ್ಸಿಲ್‌ನ ಲೈಸೆನ್ಸ್ ಬೇಕು. ನೋಡಿಕೊಳ್ಳುವ ಒಬ್ಬರ ಕೈಗೆ 12 ಮಕ್ಕಳಿಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಇಲ್ಲಿ ಕೊನೇ ವಾರ ರಾತ್ರಿ ಒಂಬತ್ತೂವರೆಯವರೆಗೆ ತಾಲೀಮು ನಡೆಯಿತಂತೆ. ಅಕ್ಕನ ಮಗ ಬಿಸ್ಕತ್ ತಿಂದುಕೊಂಡೇ ಕಳೆದನಂತೆ.

ನಾವು ವಾಪಸ್ ಬಂದ ಮೇಲೆ ಅಕ್ಕ ವಿಡಿಯೋ ಕಳಿಸಿದಳು. ಕೋಳಿ ಕೂಗಿತು, ಬೆಳಗಾಯಿತು, ಜನ ಶಿಳ್ಳೆ ಹೊಡೆದರು. ಆಮೇಲೆ ರಾಜಕುಮಾರಿ ಬಂದು ಬಾಯಿ ಆಡಿಸಿದಳು. ಹಾಡು ಹಿಂದಿನಿಂದ ಬಂತು, ಎಂಥಾ ಗಂಟಲು ಅಂತೀರಿ!

ಮಗಳು ಫೋನನ್ನು ಮೂಗಿಗೆ ಹಿಡಿದು ಹುಡುಕಿದಳು. "ಹಾಡ್ತಿರೋ ಅಕ್ಕ ಎಲ್ಲಿ ಅಪ್ಪಾ?"

ಅಲ್ಲಿ ಲೈಟು ಕಮ್ಮಿ ಇತ್ತು ಅಂದೆ.