ಮಸಾಲೆ ಅರೆದ ಮೇಲೆ ಕೋಳಿ ಎದ್ದಿತು

ನವೆಂಬರ್ 1ರಂದು ನಾವು ಬಾವುಟ ಹಾರಿಸಿ ಭುವನೇಶ್ವರಿಗೆ ಕೈಮುಗಿಯುವಾಗ ಪಂಜಾಬಿನವರಿಗೂ ರಾಜ್ಯ ರಚನೆಯ ಹಬ್ಬ. 2025ರ ಹಬ್ಬಕ್ಕೆ ಅವರಿಗೆ ದೆಹಲಿಯಿಂದ ಉಡುಗೊರೆಯೊಂದು ಬಂತು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಪರಮೋಚ್ಚ ಆಡಳಿತ ಸಭೆಯಾದ ಸೆನೆಟ್ಟನ್ನು 91ರಿಂದ 31 ಸದಸ್ಯರಿಗೆ ಇಳಿಸಿದ ಅಧಿಸೂಚನೆ ಅದು. ಪದವೀಧರರು ಮತ ಹಾಕಿ ಆರಿಸುತ್ತಿದ್ದ 15 ಸ್ಥಾನಗಳು ಮಾಯ. ದಿನನಿತ್ಯದ ಆಡಳಿತ ನೋಡಿಕೊಳ್ಳುವ ಸಿಂಡಿಕೇಟಿನ ಚುನಾವಣೆಗೂ ಎಳ್ಳುನೀರು.

ವಿಶ್ವವಿದ್ಯಾಲಯದ 1947ರ ಕಾಯ್ದೆಯನ್ನು ತಿದ್ದಲು ಸಂಸತ್ತೇನೂ ಬೇಕಾಗಲಿಲ್ಲ. 1966ರ ಪಂಜಾಬ್ ಪುನರ್ವಿಂಗಡಣಾ ಕಾಯ್ದೆಯ ಒಂದು ಸೆಕ್ಷನ್ ಹಿಡಿದು ಅಕ್ಟೋಬರ್ 28ರಂದು ಶಿಕ್ಷಣ ಸಚಿವಾಲಯದ ಮೇಜಿನ ಮೇಲೇ ಕೆಲಸ ಮುಗಿದಿತ್ತು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ?

ಸೆನೆಟ್ಟಿನಲ್ಲಿ ಗುಂಪುಗಾರಿಕೆ ಇರಲಿಲ್ಲವೆಂದರೆ ಯಾರೂ ನಂಬುವುದಿಲ್ಲ; ನಾನೂ ನಂಬುವುದಿಲ್ಲ. ಆದರೆ ನೆಗಡಿಗೆ ಮೂಗು ಕೊಯ್ಯುವ ವೈದ್ಯರಿಗೆ ಒಂದು ನಂಬಿಕೆಯಿದೆ: ಗೆದ್ದು ಬಂದವನಿಗೆ ರಾಜಕೀಯ ಅಂಟಿರುತ್ತದೆ, ನಾಮಕರಣವಾಗಿ ಬಂದವನು ಆಗಷ್ಟೇ ತೊಟ್ಟಿಲಿನಿಂದ ಎದ್ದ ಶಿಶು.

ಇದರ ಸ್ವಾರಸ್ಯ ಇನ್ನೊಂದಿದೆ. ಹಳೆಯ ಸೆನೆಟ್ಟಿನ ಅವಧಿ 2024ರ ಅಕ್ಟೋಬರ್ 31ಕ್ಕೇ ಮುಗಿದಿತ್ತು. ವರ್ಷವಾದರೂ ಹೊಸ ಚುನಾವಣೆಯಿಲ್ಲ. ಹಾಗಾಗಿ ಖಾಲಿ ಇದ್ದ 91 ಕುರ್ಚಿಗಳನ್ನು ಕಷ್ಟಪಟ್ಟು ಖಾಲಿ 31 ಕುರ್ಚಿಗಳನ್ನಾಗಿ ಮಾಡಿದ ಆಡಳಿತ ಸುಧಾರಣೆ ಇದು.

ಅನುಮತಿಯಿಲ್ಲದೆ ಪ್ರತಿಭಟಿಸುವುದಿಲ್ಲ ಎಂದು ಹೊಸ ವಿದ್ಯಾರ್ಥಿಗಳಿಂದ ಅಫಿಡವಿಟ್ ಬರೆಸಿಕೊಳ್ಳಲು ಹೊರಟಿದ್ದ ಕ್ಯಾಂಪಸ್ಸು ಅದು. ಅಲ್ಲಿಯೇ ಕೋಳಿ ಎದ್ದು ಕೂಗಿತು. ನವೆಂಬರ್ 4ರಂದು ಸಚಿವಾಲಯ ಅಧಿಸೂಚನೆಯನ್ನು ರದ್ದು ಮಾಡಿತು. ಅದೇ ದಿನ, ಅದೇ ಬದಲಾವಣೆಗಳನ್ನು ಹೊತ್ತ ಇನ್ನೊಂದನ್ನು ಹೊರಡಿಸಿತು. ಜಾರಿಯ ದಿನಾಂಕ ಆಮೇಲೆ ಹೇಳುತ್ತಾರಂತೆ. ಅಂಗಡಿಯ ಬಾಗಿಲಲ್ಲಿ ‘ನಾಳೆ ಸಾಲ’ ಎಂದು ಬರೆಯುವ ಶೆಟ್ಟರಿಗೂ ಇಷ್ಟು ಹೊಳೆದಿರಲಾರದು. ಹುಡುಗರು ಜಗ್ಗಲಿಲ್ಲ. 7ನೆಯ ತಾರೀಖು ಅದೂ ಹಿಂದಕ್ಕೆ ಹೋಯಿತು. ಚುನಾವಣೆಯ ದಿನಾಂಕ ಕೊಡಿ ಎಂದು ಮತ್ತೆ ಬೀದಿಗಿಳಿದ ಮೇಲೆ, ತಿಂಗಳ ಕೊನೆಗೆ, ಕುಲಾಧಿಪತಿಗಳಾದ ಉಪರಾಷ್ಟ್ರಪತಿಗಳು ವೇಳಾಪಟ್ಟಿಗೆ ಒಪ್ಪಿಗೆ ಕೊಟ್ಟರು. ಮತದಾನ 2026ರ ಸೆಪ್ಟೆಂಬರಿನಿಂದ.

ಚಂಡೀಗಢದವರ ಈ ರಂಪವನ್ನು ಪತ್ರಿಕೆಯಲ್ಲಿ ಓದುತ್ತಾ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಮ್ಮ 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಸೆನೆಟ್ ಎಂಬುದೇ ಇಲ್ಲ. ಪದವೀಧರನಾದ ನನಗೆ ನನ್ನ ವಿಶ್ವವಿದ್ಯಾಲಯದಿಂದ ಬಂದ ಕೊನೆಯ ಕಾಗದವೆಂದರೆ ಘಟಿಕೋತ್ಸವದ ಶುಲ್ಕದ ರಸೀದಿ. ಸಿಂಡಿಕೇಟಿಗೆ ಒಂದಷ್ಟು ಜನರನ್ನು ಸರ್ಕಾರ ಕಳಿಸುತ್ತದೆ, ಇನ್ನು ಕೆಲವರನ್ನು ರಾಜ್ಯಪಾಲರು. ಯಾರು ಬಂದರು ಎಂದು ತಿಳಿಯಲು ಅಧಿಸೂಚನೆ ಹುಡುಕಬೇಕಾಗಿಲ್ಲ, ಗೇಟಿನ ಬಳಿಯ ಅಭಿನಂದನಾ ಫ್ಲೆಕ್ಸ್ ನೋಡಿದರಾಯಿತು. ಮಧ್ಯದಲ್ಲಿ ಸದಸ್ಯರು, ಸುತ್ತ ಹಿತೈಷಿಗಳು, ಮೇಲೆ ಎಲ್ಲರಿಗಿಂತ ದೊಡ್ಡದಾಗಿ ಕಳಿಸಿಕೊಟ್ಟವರ ಮುಖ. ಮೂಲೆಯಲ್ಲಿ, ಜಾಗ ಉಳಿದಿದ್ದರೆ, ವಿಶ್ವವಿದ್ಯಾಲಯದ ಹೆಸರು.