ಸ್ಪಿನ್ ಆಸಿಲೇಟರ್ ಜೋಡಿಸೋಕೆ ನಾನ್-ಹರ್ಮಿಶಿಯನ್ ಲೆಕ್ಕ ನಿಜಕ್ಕೂ ಬೇಕಾ?

ಸ್ಪಿನ್ ಆಸಿಲೇಟರ್ ಅಂದ್ರೆ ಕರೆಂಟ್ ಬಿಟ್ರೆ ಮೈಕ್ರೋವೇವ್ ಸಿಗ್ನಲ್ ಕೊಡೋ ಪುಟಾಣಿ ಮ್ಯಾಗ್ನೆಟ್ ಸಾಧನ. ನಾನ್-ಹರ್ಮಿಶಿಯನ್ ಲೆಕ್ಕ ಅಂದ್ರೆ ಎನರ್ಜಿ ಒಳಗೆ ಬರೋದು, ಸೋರಿ ಹೋಗೋದು ಎರಡನ್ನೂ ಸೇರಿಸ್ಕೊಂಡ ಲೆಕ್ಕ. ಅದು ಬೇಕಾ ಬೇಡ್ವಾ ಅಂತ ಇಬ್ಬರ ವಾದ ಇದು.

ಪರ

ಹೋದ ಯುಗಾದಿಗೆ ಕ್ಯಾತ್ಸಂದ್ರದಲ್ಲಿ ನಮ್ಮಜ್ಜಿ ತೋಟದ ಹುಣಸೆಮರಕ್ಕೆ, ಒಂದೇ ಕೊಂಬೆಗೆ, ಎರಡು ಉಯ್ಯಾಲೆ ಕಟ್ಟಿದ್ವಿ. ಒಂದರಲ್ಲಿ ಅಕ್ಕನ ಮಗಳು, ಅವಳನ್ನ ನಾನು ತಳ್ತಿದ್ದೆ, ಇನ್ನೊಂದರಲ್ಲಿ ಅವಳ ತಮ್ಮ ಮುಖ ಊದಿಸ್ಕೊಂಡು ಕಾಲು ನೆಲಕ್ಕೆ ಒತ್ಕೊಂಡು ಕೂತಿದ್ದ. ಅವನು ಗಟ್ಟಿಯಾಗಿ ಒತ್ತಿರೋವರೆಗೂ ಇವಳ ಆಟ ಜೋರು. ಅವನು ಕಾಲು ಸ್ವಲ್ಪ ಸಡಿಲ ಬಿಟ್ಟ ನೋಡಿ, ಅವನ ಉಯ್ಯಾಲೆ ಅಲ್ಲಾಡೋಕೆ ಶುರು, ಇವಳದ್ದು ಇಳಿಯೋಕೆ ಶುರು, ನಾನು ಮೊದ್ಲಿನಷ್ಟೇ ತಳ್ತಾ ಇದ್ರೂನೂ. "ಮಾಮ, ಸರಿಯಾಗಿ ತಳ್ಳು" ಅಂತ ಬೈಸ್ಕೊಂಡಿದ್ದು ನಾನು.

ತಡೆ ಕಮ್ಮಿ ಆದ್ರೆ ಆಟ ಜಾಸ್ತಿ ಆಗ್ಬೇಕಿತ್ತು, ಆಗಿದ್ದು ಉಲ್ಟಾ. ಸ್ಪಿನ್ ಆಸಿಲೇಟರ್‌ನಲ್ಲೂ ಇದೇ ಕಥೆ. ತೆಳ್ಳಗಿನ ಎರಡು ಮ್ಯಾಗ್ನೆಟ್ ಪದರ, ಮಧ್ಯೆ ಇನ್ನೊಂದು ಪದರ, ಒಂದು ಬ್ಯಾಕ್ಟೀರಿಯಾಗಿಂತ ಚಿಕ್ಕ ಕಂಬ. ಅದಕ್ಕೆ ಡಿಸಿ ಕರೆಂಟ್ ಬಿಟ್ರೆ ಎಲೆಕ್ಟ್ರಾನ್ ತಂದ ಸ್ಪಿನ್ನು (ಎಲೆಕ್ಟ್ರಾನ್‌ಗಿರೋ ಪುಟ್ಟ ಮ್ಯಾಗ್ನೆಟ್ ಗುಣ) ಮ್ಯಾಗ್ನೆಟ್ಟನ್ನ ಬುಗುರಿ ಥರ ಓಲಾಡಿಸುತ್ತೆ, ಮೈಕ್ರೋವೇವ್ ಸಿಗ್ನಲ್ ಬರುತ್ತೆ. 1996ರಲ್ಲಿ ಸ್ಲೊನ್‌ಚೆವ್ಸ್ಕಿ ಮತ್ತು ಬರ್ಜರ್ ಅನ್ನೋ ವಿಜ್ಞಾನಿಗಳು ಬೇರೆಬೇರೆಯಾಗಿ ಹೀಗಾಗುತ್ತೆ ಅಂದ್ರು, 2003ರಲ್ಲಿ ಕಣ್ಣಿಗೆ ಕಾಣ್ತು. ಒಂದೊಂದರ ಪವರ್ ತೀರಾ ಕಮ್ಮಿ, ಅದಕ್ಕೇ ಜೋಡಿಸೋ ಆಸೆ, 2005ರಲ್ಲಿ ಅರ್ಧ ಮೈಕ್ರಾನ್ ದೂರದ ಎರಡನ್ನ ಒಂದೇ ತಾಳಕ್ಕೆ ತಂದೂ ಆಯ್ತು.

ಇಲ್ಲಿ ಕರೆಂಟ್ ಅಂದ್ರೆ ತಳ್ಳೋ ಕೈ, ಡ್ಯಾಂಪಿಂಗ್ ಅಂದ್ರೆ ನೆಲಕ್ಕೊತ್ತಿದ ಕಾಲು. ಎನರ್ಜಿ ಒಂದು ಕಡೆಯಿಂದ ಒಳಗೆ ಬರ್ತಿದೆ, ಇನ್ನೊಂದು ಕಡೆ ಸೋರಿ ಹೋಗ್ತಿದೆ. ಕ್ಲಾಸಲ್ಲಿ ಕಲಿಸೋ ಹರ್ಮಿಶಿಯನ್ ಲೆಕ್ಕದಲ್ಲಿ ಬರೋದೂ ಇಲ್ಲ ಹೋಗೋದೂ ಇಲ್ಲ, ಫ್ರೀಕ್ವೆನ್ಸಿ ಎಲ್ಲಾ ರಿಯಲ್ ನಂಬರ್. ಸೋರಿಕೆನ ಮ್ಯಾಟ್ರಿಕ್ಸ್ (ಲೆಕ್ಕದ ಅಂಕಿಗಳನ್ನ ಸಾಲಾಗಿ ಜೋಡಿಸಿದ ಚೌಕ) ಒಳಗೇ ಬರೆದ್ರೆ ಎರಡು ಫ್ರೀಕ್ವೆನ್ಸಿ ನಡುವಿನ ಅಂತರ ಒಂದು ವರ್ಗಮೂಲದಲ್ಲಿ ಬರುತ್ತೆ, ಅದರೊಳಗೆ ಎರಡನ್ನ ಬೆಸೆಯೋ ಕಪ್ಲಿಂಗ್‌ನ ವರ್ಗ ಮೈನಸ್ ಗೇನ್-ಲಾಸ್ (ಒಳಗೆ ಬರೋದು-ಸೋರೋದು) ವ್ಯತ್ಯಾಸದ ಅರ್ಧದ ವರ್ಗ. ಎರಡೂ ಸಮ ಆದ ಜಾಗದಲ್ಲಿ ಫ್ರೀಕ್ವೆನ್ಸಿ ಮಾತ್ರ ಅಲ್ಲ, ಓಲಾಟದ ರೀತಿಗಳೇ ಎರಡು ಹೋಗಿ ಒಂದಾಗುತ್ತೆ. ಇದೇ ಎಕ್ಸೆಪ್ಷನಲ್ ಪಾಯಿಂಟ್.

ಇದರ ಒಂದು ಕಡೆ, ತಮ್ಮ ಗಟ್ಟಿಯಾಗಿ ಕಾಲೊತ್ತಿದಾಗಿನ ಹಾಗೆ, ತಳ್ಳಿಸ್ಕೊಂಡವಳು ತನ್ನಷ್ಟಕ್ಕೆ ಆಡ್ತಾಳೆ. ಇನ್ನೊಂದು ಕಡೆ, ಅವನು ಕಾಲು ಸಡಿಲ ಬಿಟ್ಟಾಗಿನ ಹಾಗೆ, ಇಬ್ಬರೂ ಲಾಭ ನಷ್ಟ ಹಂಚ್ಕೊಳ್ತಾರೆ, ಸರಾಸರಿ ನಷ್ಟ ಆಯ್ತೋ ಇಬ್ಬರೂ ನಿಂತ್ರು. ಅಂದ್ರೆ ಎರಡನೇ ಆಸಿಲೇಟರ್‌ಗೆ ಕರೆಂಟ್ ಏರಿಸಿದ್ದಕ್ಕೇ, ಅಂದ್ರೆ ಅದರ ಕಾಲು ಸಡಿಲಿಸಿದ್ದಕ್ಕೇ, ಮೊದಲನೆಯದು ಸಾಯುತ್ತೆ, ಇನ್ನೂ ಏರಿಸಿದ್ರೆ ಮತ್ತೆ ಏಳುತ್ತೆ! ಲೇಸರ್‌ನಲ್ಲಿ 2014ರಲ್ಲೇ ಇಂಥದ್ದು ತೋರಿಸಿದ್ರು, ಆಮೇಲೆ ಸ್ಟೆಫನ್ ವಿಟ್ರಾಕ್ ತಂಡ ಸ್ಪಿನ್ ಆಸಿಲೇಟರ್ ಜೋಡಿಯಲ್ಲಿ ಆಸಿಲೇಷನ್ ಡೆತ್, ಅಂದ್ರೆ ಓಲಾಟ ಹೀಗೆ ನಿಂತುಹೋಗೋದನ್ನ ತೋರಿಸ್ತು. ತಾಳ ಕೂಡೋದನ್ನ ಲೆಕ್ಕ ಹಾಕೋಕೆ ಎಲ್ಲರೂ ಬಳಸೋ ಕುರಾಮೊಟೊ ಮಾಡೆಲ್‌ನಲ್ಲಿ ಇದು ಕಾಣೋದೇ ಇಲ್ಲ, ಯಾಕಂದ್ರೆ ಅಲ್ಲಿ ಇರೋದು ಬರೀ ಫೇಸ್ (ಓಲಾಟ ಈಗ ಯಾವ ಹಂತದಲ್ಲಿದೆ ಅನ್ನೋದು), ಆಂಪ್ಲಿಟ್ಯೂಡ್ (ಓಲಾಟದ ಅಗಲ) ಅಲ್ಲಾಡಲ್ಲ ಅಂತ ಮೊದಲೇ ಒಪ್ಕೊಂಡು ಕೂತಿರ್ತೀವಿ.

ವಿರೋಧ

ಗುರೂ, ಉಯ್ಯಾಲೆ ಚೆನ್ನಾಗಿದೆ, ಆದ್ರೆ ನೀನು ತಾಳ ಕೂಡೋದರ ಬಗ್ಗೆ ಶುರು ಮಾಡಿ ಸಾಯೋದರ ಬಗ್ಗೆ ಮುಗಿಸಿದೀಯ.

ನಮ್ಮಪ್ಪ ತುಮಕೂರು ಎಚ್‌ಎಂಟಿಲಿ ವಾಚ್ ಜೋಡಿಸ್ತಿದ್ರು. ಅಲ್ಲಿನ ಕೀ ಕೊಡೋ ವಾಚು ಗಂಟೆಗೆ 18000 ಸಲ ಟಿಕ್ ಅನ್ನೋದು. ಚಿಕ್ಕವನಿದ್ದಾಗ ಅಪ್ಪ ಹಿಂದಿನ ಮುಚ್ಚಳ ತೆಗೆದು ಬ್ಯಾಲೆನ್ಸ್ ವೀಲನ್ನ ಕಡ್ಡಿಲಿ ಮೆಲ್ಲಗೆ ತಡೆದು ಬಿಡೋರು, ನಾಲ್ಕು ಸಲ ಕುಂಟಿ ಮತ್ತೆ ಅದೇ ಅಗಲಕ್ಕೆ ಓಲಾಡೋದು. ಆ ಅಗಲಕ್ಕೇ ವಾಪಸ್ ತರೋದು, ಸ್ಪ್ರಿಂಗಿನ ಬಲನ ತುಸುತುಸುವೇ ವೀಲಿಗೆ ದಾಟಿಸೋ ಎಸ್ಕೇಪ್‌ಮೆಂಟು, ಅದು ನಾನ್-ಲೀನಿಯರ್, ಅಂದ್ರೆ ಓಲಾಟ ಎಷ್ಟು ದೊಡ್ಡದು ಅನ್ನೋದರ ಮೇಲೆ ಅದರ ಪರಿಣಾಮವೇ ಬದಲಾಗುತ್ತೆ. ನಿನ್ನ ಎರಡು ಸಾಲಿನ ಮ್ಯಾಟ್ರಿಕ್ಸ್‌ನಲ್ಲಿ ಅದಿಲ್ಲ. ಅಲ್ಲಿ ಓಲಾಟ ಒಂದೋ ಬೆಳೀತಾನೇ ಹೋಗುತ್ತೆ, ಇಲ್ಲಾ ಸೊರಗಿ ಹೋಗುತ್ತೆ. ಆಸಿಲೇಟರ್ ಶುರು ಆಗೋ ಹೊಸ್ತಿಲಲ್ಲಿ ಅದು ಸರಿ, ಒಳಗೆ ಕಾಲಿಟ್ಟ ಮೇಲೆ ಸುಳ್ಳು. ಸ್ಪಿನ್ ಆಸಿಲೇಟರ್‌ನಲ್ಲಂತೂ ಆಂಪ್ಲಿಟ್ಯೂಡ್ ಬದಲಾದ್ರೆ ಫ್ರೀಕ್ವೆನ್ಸಿನೇ ಬದಲಾಗುತ್ತೆ, ಸ್ಲಾವಿನ್ ಮತ್ತು ತಿಬೆರ್ಕೆವಿಚ್ 2009ರಲ್ಲಿ ಅದನ್ನ ಹಿಡಿದೇ ಥಿಯರಿ ಕಟ್ಟಿದ್ದು. ಎಲ್ಲಿ ಸಾಯುತ್ತೆ ಅಂತ ನಿನ್ನ ಮ್ಯಾಟ್ರಿಕ್ಸ್ ಹೇಳುತ್ತೆ, ಒಪ್ಪಿದೆ. ಬದುಕಿದ ಮೇಲೆ ಎಷ್ಟು ಗಿಗಾಹರ್ಟ್ಸ್ ಅಂತ ಕೇಳು, ಬಾಯಿ ಬಿಡಲ್ಲ.

ಸಾವೂ ಹೊಸದೇನಲ್ಲ. ಅಕ್ಕಪಕ್ಕ ಇಟ್ಟ ಎರಡು ಆರ್ಗನ್ ಪೈಪು ಒಂದನ್ನೊಂದು ಸುಮ್ಮನಾಗಿಸೋದನ್ನ ವಿಜ್ಞಾನಿ ರೇಲೀ 19ನೇ ಶತಮಾನದಲ್ಲೇ ಗಮನಿಸಿದ್ದ, ಡಚ್ ವಿಜ್ಞಾನಿ ಹ್ಯೂಗೆನ್ಸ್ 1665ರಲ್ಲಿ ಹುಷಾರಿಲ್ಲದೆ ಮಲಗಿದ್ದಾಗ ಎರಡು ಗಡಿಯಾರದ ಲೋಲಕ ಎದುರುಬದುರಾಗಿ ತಾಳ ಹಿಡಿದಿದ್ದು ನೋಡಿದ್ದ. ಹಳೇ ಸಾರಿಗೆ ಹೊಸ ಒಗ್ಗರಣೆ ಹಾಕೋದು ತಪ್ಪಲ್ಲ ಬಿಡು, ಹೊಸ ಅಡುಗೆ ಅನ್ಬಾರ್ದು ಅಷ್ಟೇ.

ಇನ್ನು ಆ ವರ್ಗಮೂಲದಿಂದ, ಆ ಬಿಂದು ಹತ್ರ ಸಣ್ಣ ಬದಲಾವಣೆಗೂ ಅಂತರ ಜೋರಾಗಿ ಹಿಗ್ಗೋದ್ರಿಂದ, ಸೂಪರ್ ಸೆನ್ಸರ್ ಬರುತ್ತೆ ಅಂತ ಕೆಲವರು ಹೊರಟಿದಾರೆ. 2020ರಲ್ಲಿ, ತಿರುಗೋದನ್ನ ಅಳೆಯೋ ಲೇಸರ್ ಗೈರೊಸ್ಕೋಪ್‌ನಲ್ಲಿ ಅಳೆದು ನೋಡಿದಾಗ ಆ ಜಾಗದಲ್ಲಿ ಸಿಗ್ನಲ್ ಹಿಗ್ಗಿದ ಹಾಗೇ ನಾಯ್ಸೂ ಹಿಗ್ಗಿ ಲಾಭ ತಿಂದುಹಾಕ್ತು. ನಮ್ಮ ಸ್ಪಿನ್ ಆಸಿಲೇಟರ್ ರೂಮ್ ಟೆಂಪರೇಚರ್‌ನಲ್ಲಿ ಮೊದಲೇ ನಡುಗ್ತಿರುತ್ತೆ.

ಕೆಲಸ ಆಗಿರೋದು ನೋಡು. 2018ರಲ್ಲಿ ನಾಲ್ಕೇ ನಾಲ್ಕು ಸ್ಪಿನ್ ಆಸಿಲೇಟರ್ ಇಟ್ಕೊಂಡು ಕರೆಂಟ್ ಹೆಚ್ಚುಕಮ್ಮಿ ಮಾಡ್ತಾ ಮಾತಿನ ಸ್ವರಾಕ್ಷರಗಳನ್ನ ಗುರುತಿಸೋ ಹಾಗೆ ಟ್ರೇನ್ ಮಾಡಿದ್ರು, 2020ರಲ್ಲಿ ಸ್ಪಿನ್-ಹಾಲ್ ಅನ್ನೋ ಬಗೆಯ 64 ಸ್ಪಿನ್ ಆಸಿಲೇಟರ್ ಒಂದೇ ತಾಳಕ್ಕೆ ಬಂತು. ಎರಡಕ್ಕೂ ಎಕ್ಸೆಪ್ಷನಲ್ ಪಾಯಿಂಟ್ ಬೇಕಾಗ್ಲಿಲ್ಲ. ಫ್ರೀಕ್ವೆನ್ಸಿನೂ ಹೊಂದಬೇಕು, ಗೇನ್-ಲಾಸೂ ಕಪ್ಲಿಂಗ್‌ಗೆ ಹೊಂದಬೇಕು, ಆಗ ಮಾತ್ರ ಆ ಬಿಂದು ಸಿಗೋದು. ಎರಡು ಕಂಬಕ್ಕೆ ಹೇಗೋ ಹೊಂದಿಸ್ತೀಯ, ಒಂದರ ಥರ ಇನ್ನೊಂದು ಬರದ 64ಕ್ಕೆ ಯಾವ ನಾಬ್ ಹಿಡ್ಕೊಂಡು ಎಷ್ಟು ದಿನ ತಿರುಗಿಸ್ತೀಯ ಹೇಳು.