ಮೆಷಿನ್ ಇದೆ, ರಾತ್ರಿ ನೋಡೋರು ಎಷ್ಟು ಜನ?

ಮುಂಬೈಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಮಕ್ಕಳ ಐಸಿಯು ತುಂಬುತ್ತದೆ. ಜಾಸ್ತಿ ವರ್ಷ ತುಂಬದ ಕೂಸುಗಳೇ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಉಸಿರು ಬಿಟ್ಟಾಗ ಸಣ್ಣ ನರಳಾಟ. ಡಾಕ್ಟರ್ 'ಸಿಪ್ಯಾಪ್ ಹಾಕೋಣ' ಅಂದ ಕೂಡಲೇ ಹೊರಗೆ ಅಳು ಶುರು. ಸಿಪ್ಯಾಪ್ ಅಂದರೆ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಮೆಷಿನ್. ನಾನು ಕನ್ನಡದವಳು ಅಂತ ಗೊತ್ತಾದರೆ ಊರ ಕಡೆಯ ಅಜ್ಜಿಯರು ಕೈಯನ್ನೇ ಹಿಡಿದುಕೊಳ್ಳುತ್ತಾರೆ. "ಮಿಷನ್ನಿಗೆ ಹಾಕಿದ ಮೇಲೆ ಇನ್ನೆಂತ ಉಂಟು ಸಿಸ್ಟರ್?"

ಉಂಟು ಅಜ್ಜಿ, ಬೇಕಾದಷ್ಟು ಉಂಟು. ಇದರಲ್ಲಿ ಗಂಟಲೊಳಗೆ ಪೈಪ್ ಇಳಿಸುವುದಿಲ್ಲ. ಮೂಗಿಗೆ ಎರಡು ಪುಟ್ಟ ನಳಿಕೆ, ಅಷ್ಟೇ. ಬಬಲ್ ಸಿಪ್ಯಾಪ್‌ನಲ್ಲಿ ಉಸಿರು ಹೊರಹೋಗುವ ಪೈಪಿನ ತುದಿ ನೀರಲ್ಲಿ ಮುಳುಗಿರುತ್ತದೆ, ಗುಳುಗುಳು ಗುಳ್ಳೆ ಏಳುತ್ತದೆ. ಎಷ್ಟು ಸೆಂಟಿಮೀಟರ್ ಆಳವೋ ಹೆಚ್ಚುಕಮ್ಮಿ ಅಷ್ಟು ಒತ್ತಡ. ಉಸಿರು ಬಿಟ್ಟಾಗಲೂ ಶ್ವಾಸಕೋಶದ ಗಾಳಿಚೀಲಗಳು ಮುದುಡದಂತೆ ಅದು ತಡೆಯುತ್ತದೆ. ಢಾಕಾದಲ್ಲಿ ಡಾ. ಚಿಸ್ತಿಯವರ ತಂಡ ಶಾಂಪೂ ಬಾಟಲಿಯಲ್ಲೇ ಇದನ್ನು ಮಾಡಿ ತೋರಿಸಿತು! ತೀವ್ರ ನ್ಯುಮೋನಿಯಾದ ಮಕ್ಕಳಲ್ಲಿ, ಮಾಮೂಲಿ ಆಕ್ಸಿಜನ್ ಕೊಟ್ಟಾಗ ನೂರಕ್ಕೆ 15 ಸಾವು, ಇದರಲ್ಲಿ 4. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 2015ರಲ್ಲಿ.

ಆದರೆ 2019ರಲ್ಲಿ ಆಫ್ರಿಕಾದ ಮಲಾವಿಯಿಂದ ಉಲ್ಟಾ ಸುದ್ದಿ ಬಂತು. ಡಾಕ್ಟರು ದಿನಾ ಬಂದು ನೋಡದ ಜಿಲ್ಲಾ ಆಸ್ಪತ್ರೆ. ಅಪೌಷ್ಟಿಕತೆ, ಎಚ್‌ಐವಿಯಂಥ ತೊಂದರೆ ಇದ್ದ ಮಕ್ಕಳೂ ಅಲ್ಲಿದ್ದರು. ಅಲ್ಲಿ ಸಿಪ್ಯಾಪ್ ಹಾಕಿದವರಲ್ಲೇ ಸಾವು ಜಾಸ್ತಿ: ನೂರಕ್ಕೆ 17, ಬರೀ ಆಕ್ಸಿಜನ್‌ನಲ್ಲಿ 11. ಇದನ್ನು ಓದಿ ನನಗೇನೂ ಆಶ್ಚರ್ಯ ಆಗಲಿಲ್ಲ.

ಯಾಕೆಂದರೆ ಈ ಮೆಷಿನ್ ತನ್ನಷ್ಟಕ್ಕೆ ನಡೆಯುವಂಥದ್ದಲ್ಲ. ಮಗು ಬಾಯಿ ತೆರೆದು ಅತ್ತರೆ ಒತ್ತಡ ಸೋರಿಹೋಗುತ್ತದೆ, ಗುಳುಗುಳು ಸದ್ದು ನಿಲ್ಲುತ್ತದೆ. ನಳಿಕೆ ಜಾರಿದರೂ ಹಾಗೇ. ಬಿಗಿಯಾದರೆ ಮೂಗಿನ ನಡುವಿನ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ಅದನ್ನು ಟ್ಯೂಬಿನಿಂದ ಹೊರಬಿಡಬೇಕು. ಎಲ್ಲಕ್ಕಿಂತ ಮುಖ್ಯ, ಮಗು ಸುಸ್ತಾಗುತ್ತಿದೆಯಾ ಅಂತ ಮತ್ತೆ ಮತ್ತೆ ನೋಡಬೇಕು. ಸುಸ್ತಾದರೆ ವೆಂಟಿಲೇಟರ್‌ಗೆ ತಡ ಮಾಡುವ ಹಾಗಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸ್ ಎಷ್ಟು ಹಾಸಿಗೆಗೆ ಓಡಬೇಕು, ಹೇಳಿ?

ಇನ್ನೊಂದು ಮಾತು, ತಂದೆತಾಯಿಗೆ. ಏದುಸಿರು ಬಿಡುವ ಕೂಸಿಗೆ ಕದ್ದು ಹಾಲು ಕುಡಿಸಬೇಡಿ, ಶ್ವಾಸಕೋಶಕ್ಕೇ ಹೋದೀತು.

ನಮ್ಮ ಮುಂಬೈ ಕನ್ನಡ ಸಂಘಗಳವರು ಒಳ್ಳೆ ಮನಸ್ಸಿನಿಂದ ಆಸ್ಪತ್ರೆಗೆ ಮೆಷಿನ್ ದಾನ ಕೊಡುತ್ತಾರೆ. ಶಾಲು, ಫೋಟೋ ಎಲ್ಲ ಇರಲಿ, ಬೇಡ ಅನ್ನಲ್ಲ. ಈ ಸಲ ಅದೇ ದುಡ್ಡಲ್ಲಿ ರಾತ್ರಿ ಪಾಳಿಗೆ ಒಬ್ಬ ನರ್ಸ್‌ನ ಸಂಬಳ ಕೊಡ್ತೀರಾ? ಸರಿಯಾದ ಅಳತೆಯ ನಳಿಕೆಗಳನ್ನೂ ತರಿಸಿಕೊಡಿ, ಅವು ಬೇಗ ಮುಗಿದುಹೋಗುತ್ತವೆ.